ಕಾರಿನಿಂದ ಹೆಸರು ತೆಗೆಸಿದ ದಿನ

ಅಂಗಡಿಯ ಷಟರನ್ನು ಇನ್ನೂ ಅರ್ಧಕ್ಕೆ ಎತ್ತಿದ್ದನಷ್ಟೆ, ಅಕ್ಕ ಬಂದು ಎದುರಿಗೆ ನಿಂತಳು. ಹೆಗಲಲ್ಲಿ ದೊಡ್ಡ ಚೀಲ, ಕಾಲಲ್ಲಿ ಎಲ್ಲಿಗಾದರೂ ಹೊರಡುವಾಗ ಮಾತ್ರ ಹೊರಬೀಳುವ ಚಪ್ಪಲಿ, ಮುಖದಲ್ಲಿ ಜಗಳಕ್ಕೆ ಹೊರಟವರ ಕಳೆ.

“ನೀನ್ಯಾಕೆ ಬರೋಕೆ ಹೋದೆ?” ಅಂದ.

“ಯಾಕೆ ಅಂದ್ರೆ? ಇವತ್ತು ತಾನೆ ಅವಳು ಸೈನ್ ಹಾಕ್ಸ್ಕೊಳ್ಳೋಕೆ ಕರೆದಿರೋದು? ನಿನ್ನೊಬ್ಬನ್ನೇ ಕಳಿಸಿದ್ರೆ ಕಾರೂ ಕೊಟ್ಟು, ಜೊತೆಗೆ ಪೆನ್ನೂ ಅಲ್ಲೇ ಬಿಟ್ಟು ಬರ್ತೀಯ.”

ಅವನು ನಗುವ ಹಾಗೆ ಮಾಡಿ ಒಳಗೆ ಹೋದ. ಕಾರಿನ ಸೀಟುಗಳಿಗೆ ಹೊದಿಕೆ ಹೊಲಿಯುವುದು ಅವನ ಕಸುಬು. ಬೀದಿಯವರಿಗೆಲ್ಲ ಅವನು ಕುಶನ್ ಮಾಸ್ತರ. ಅಕ್ಕನಿಗೆ ಮಾತ್ರ, ಕಿವಿಯ ಪಕ್ಕ ಕೂದಲು ಬೆಳ್ಳಗಾದ ಮೇಲೂ ಪುಟ್ಟ. ಗೋಡೆಗೆ ಒರಗಿಸಿದ ರೆಕ್ಸಿನ್ ಸುರುಳಿಗಳು, ಮೂಗಿಗೆ ಹೋದರೆ ಸೀನು ಬರಿಸುವ ಸ್ಪಂಜಿನ ಪುಡಿ, ಮೂಲೆಯಲ್ಲಿ ಯಾರದೋ ಕಾರಿನಿಂದ ಕಿತ್ತು ತಂದ ಹಿಂದಿನ ಸೀಟು. ಆ ಸೀಟಿನ ಮೇಲೆ ಅಕ್ಕ ಮಹಾರಾಣಿಯ ಹಾಗೆ ಕುಳಿತಳು.

“ಅಕ್ಕಾ, ನೀನು ಮನೆಗೆ ಹೋಗು. ಇದು ನಮ್ಮಿಬ್ಬರ ವಿಷಯ.”

“ನಿಮ್ಮಿಬ್ಬರ ವಿಷಯ ಆಗಿದ್ದಿದ್ರೆ ನಾನು ಮೂಗು ತೂರಿಸ್ತಿರ್ಲಿಲ್ಲ. ಜೊತೇಲಿ ಇದ್ರಿ, ಬಿಟ್ರಿ. ಸರಿ, ಅದು ನಿಮ್ಮ ಹಣೆಬರಹ. ಕಾರು ಹಂಗಲ್ಲ. ಅಮ್ಮನ ಪ್ರಾಣ ಉಳಿಸಿದ ಕಾರು ಅದು. ನೀನು ಓಡಿಸೋ ಕಾರನ್ನ ಅವಳು ಇಟ್ಕೊಂಡು ಕೂತ್ರೆ ನಾವು ಸುಮ್ನಿರ್ಬೇಕಾ?”

ಈ ಮಾತಿಗೆ ಏನಾದರೂ ಹೇಳಬಹುದಾಗಿತ್ತು. ಹೇಳಬೇಕಾಗಿತ್ತು. ಕುಶನ್ ಮಾಸ್ತರ ಬಾಗಿದ ದೊಡ್ಡ ಸೂಜಿಯೊಂದನ್ನು ಡಬ್ಬಿಯಿಂದ ತೆಗೆದು, ಅದಕ್ಕೆ ಈಗ ಕೆಲಸವೇನೂ ಇಲ್ಲವೆಂದು ಮತ್ತೆ ಡಬ್ಬಿಗೇ ಹಾಕಿದ. ಅವನ ಸುಳ್ಳುಗಳೆಲ್ಲ ಹೀಗೆಯೇ. ಬಾಯಿ ಬಿಟ್ಟು ಅವನು ಸುಳ್ಳು ಹೇಳುವುದು ತೀರಾ ಕಡಿಮೆ. ಬೇರೆಯವರು ತಪ್ಪು ತಿಳಿದುಕೊಂಡಾಗ ಸುಮ್ಮನಿರುತ್ತಾನೆ, ಅಷ್ಟೆ.

ನಿಜ ಏನೆಂದರೆ, ಹಗಲೆಲ್ಲ ಕಾರುಗಳ ಹೊಟ್ಟೆಯೊಳಗೇ ಕೂತು ಕೆಲಸ ಮಾಡುವ ಈ ಮನುಷ್ಯನಿಗೆ ಕಾರು ಓಡಿಸಲು ಬರುವುದಿಲ್ಲ.

ಹರೆಯದಲ್ಲಿ ಕಲಿಯಲು ಹೋಗಿದ್ದ. ಕಲಿಕೆಯ ಲೈಸೆನ್ಸೂ ಕೈಗೆ ಬಂದಿತ್ತು. ಆಗ ಒಂದು ದಿನ ಗಿರಾಕಿಯ ಕಾರನ್ನು ಒಂದಿಷ್ಟು ಮುಂದಕ್ಕೆ ಸರಿಸಲು ಹೋಗಿ, ಬ್ರೇಕೆಂದು ತಿಳಿದು ಇನ್ನೊಂದನ್ನು ತುಳಿದು, ಹೊಲಿಗೆ ಮಿಷನ್ನಿನ ಸಮೇತ ಗೋಡೆಗೆ ಗುದ್ದಿದ್ದ. ಯಾರಿಗೂ ಏನೂ ಆಗಲಿಲ್ಲ. ಆದರೆ ಅಂದಿನಿಂದ ಸ್ಟೀರಿಂಗ್ ಮುಂದೆ ಕೂತರೆ ಬಲಗಾಲು ತನ್ನ ಪಾಡಿಗೆ ತಾನು ನಡುಗುತ್ತಿತ್ತು. ಗಿರಾಕಿಗಳೇ ಕಾರನ್ನು ಒಳಗೆ ತಂದು ನಿಲ್ಲಿಸಬೇಕು, ಅವರೇ ಹೊರಗೆ ಒಯ್ಯಬೇಕು ಎಂಬ ನಿಯಮ ಅವನ ಅಂಗಡಿಯಲ್ಲಿ ಆವಾಗಿನಿಂದ ಬಂತು. ಜನ ಅದನ್ನು ಮಾಸ್ತರನ ಶಿಸ್ತು ಅಂದುಕೊಂಡರು. ಅದಕ್ಕೂ ಅವನು ಸುಮ್ಮನಿದ್ದ.

ಆಮೇಲೆ ನರ್ಸ್ ಅವನ ಬದುಕಿಗೆ ಬಂದಳು. ಆಸ್ಪತ್ರೆಯಲ್ಲಿ ಕೂತು ಕೆಲಸ ಮಾಡುವ ನರ್ಸಲ್ಲ. ಹಾಸಿಗೆ ಹಿಡಿದವರ ಮನೆಮನೆಗೆ ಹೋಗಿ ಗಾಯ ತೊಳೆದು ಪಟ್ಟಿ ಕಟ್ಟುವವಳು, ಸೂಜಿಮದ್ದು ಕೊಡುವವಳು. ಅವಳ ಕೆಲಸಕ್ಕೆ ಕಾರು ಬೇಕೇ ಬೇಕು. ಇಬ್ಬರೂ ಸೇರಿ ಹಳೆಯ ಕಾರೊಂದನ್ನು ಕೊಂಡರು, ಇಬ್ಬರ ಹೆಸರಲ್ಲೂ ಬರೆಸಿದರು. ಓಡಿಸುವವಳು ಅವಳು. ಪಕ್ಕದಲ್ಲಿ ಕೂತು ಕಿಟಕಿಯಾಚೆ ನೋಡುವವನು ಇವನು. ಇಬ್ಬರೂ ಸುಖವಾಗಿದ್ದರು.

ಕಾರು ಬಂದ ವಾರದಲ್ಲೇ ಅಕ್ಕನ ಮನೆಗೆ ಊಟಕ್ಕೆ ಕರೆ ಬಂತು. ಅಕ್ಕನ ಓಣಿಯ ತಿರುವಿನಲ್ಲಿ ಒಂದು ಔಷಧಿ ಅಂಗಡಿ ಇದೆ. ಅಲ್ಲಿ ಕಾರು ನಿಲ್ಲಿಸಿ ನರ್ಸ್ ಹತ್ತಿ ತರಲು ಇಳಿದಳು. ಡ್ರೈವರ್ ಸೀಟಿನ ಹೊಲಿಗೆ ಒಂದು ಕಡೆ ಬಿಟ್ಟುಕೊಂಡಂತೆ ಕಂಡಿತೆಂದು ಇವನು ಆ ಕಡೆ ಸರಿದು ಕೂತು ಬೆರಳಾಡಿಸಿ ನೋಡುತ್ತಿದ್ದ. ಅದೇ ಹೊತ್ತಿಗೆ ಅಕ್ಕ ತರಕಾರಿ ಚೀಲ ಹಿಡಿದು ಓಣಿಗೆ ತಿರುಗಬೇಕೆ!

“ಅಯ್ಯಯ್ಯೋ! ನಮ್ಮ ಪುಟ್ಟ ಕಾರು ಓಡಿಸ್ಕೊಂಡು ಬಂದಿದಾನೆ ರೀ!” ಎಂದು ಅವಳು ಕೂಗಿದ್ದು ಇಡೀ ಓಣಿಗೆ ಕೇಳಿಸಿತು. ಅಮ್ಮ ಬಾಗಿಲಿಗೆ ಬಂದರು. ಜನರ ಕಾರಿನಲ್ಲಿ ಕೂತು ಸೂಜಿ ಚುಚ್ಚುವುದೇ ಆಯಿತು ನಿನ್ನ ಬಾಳು ಎಂದು ಸದಾ ಕಿಚಾಯಿಸುತ್ತಿದ್ದ ಭಾವ ಕೂಡ ಕೈಕಟ್ಟಿ ನಿಂತು ನೋಡಿದರು. ಅಮ್ಮನ ಮುಖ ಎಷ್ಟು ಅರಳಿತ್ತೆಂದರೆ, ಅದನ್ನು ಬಾಡಿಸಲು ಅವನಿಗೆ ಮನಸ್ಸಾಗಲಿಲ್ಲ. ಹತ್ತಿ ಹಿಡಿದು ಬಂದ ನರ್ಸ್ ಒಂದು ಕ್ಷಣ ಅವನ ಮುಖ ನೋಡಿದಳು. ಏನೂ ಹೇಳದೆ ಹೋಗಿ ಪಕ್ಕದ ಸೀಟಿನಲ್ಲಿ ಕೂತಳು. “ಮೊದಲನೇ ಗೇರಲ್ಲೇ ನಿಧಾನಕ್ಕೆ ಬಿಡು, ನೇರ ದಾರಿ, ನಾನಿದೀನಿ,” ಎಂದು ತುಟಿ ಅಲುಗದ ಹಾಗೆ ಹೇಳಿಕೊಟ್ಟಳು. ಕಾರು ಬಸುರಿ ಹೆಂಗಸಿನ ನಡಿಗೆಯಲ್ಲಿ ಅಕ್ಕನ ಗೇಟು ಮುಟ್ಟಿತು.

ಅಲ್ಲಿಂದ ಅದೇ ರೂಢಿಯಾಯಿತು. ಔಷಧಿ ಅಂಗಡಿಯ ತಿರುವಿನಲ್ಲಿ ಕಾರು ನಿಲ್ಲುತ್ತದೆ. ಅವಳು ಇಳಿದು ಈ ಕಡೆ ಬರುತ್ತಾಳೆ, ಇವನು ಆ ಕಡೆ ಹೋಗುತ್ತಾನೆ. ಹಿಂತಿರುಗುವಾಗ ಓಣಿಯ ಆಚೆ ಬಾಯಿ ದಾಟಿದ ಮೇಲೆ ಮತ್ತೆ ಅದಲುಬದಲು. ಪುಣ್ಯಕ್ಕೆ ಆ ಓಣಿ ಎರಡೂ ಕಡೆ ತೆರೆದುಕೊಂಡಿತ್ತು, ಹಿಂದಕ್ಕೆ ತೆಗೆಯುವ ಪ್ರಮೇಯವೇ ಬರಲಿಲ್ಲ. ಮೊದಮೊದಲು ಇಬ್ಬರೂ ಇದಕ್ಕೆ ನಗುತ್ತಿದ್ದರು. ಯಾವಾಗಿನಿಂದ ಅವಳು ನಗುವುದನ್ನು ಬಿಟ್ಟಳೋ ಅವನು ಗಮನಿಸಲಿಲ್ಲ.

ಅಮ್ಮ ಬಚ್ಚಲಲ್ಲಿ ಜಾರಿ ಬಿದ್ದು ತಲೆ ಒಡೆದುಕೊಂಡ ದಿನ ಅಕ್ಕನ ಮನೆಯಲ್ಲಿ ಇದ್ದವರು, ಅಮ್ಮನನ್ನು ನೋಡಿಹೋಗಲು ಬಂದಿದ್ದ ಇವರಿಬ್ಬರೇ. ಅಕ್ಕ, ಭಾವ ಇಬ್ಬರೂ ಕೆಲಸಕ್ಕೆ ಹೋಗಿದ್ದರು. ನರ್ಸ್ ಅಮ್ಮನ ತಲೆಗೆ ಬಿಗಿಯಾಗಿ ಬಟ್ಟೆ ಸುತ್ತಿ, ಇವನನ್ನು ಹಿಂದಿನ ಸೀಟಿಗೆ ತಳ್ಳಿ, ಅಮ್ಮನನ್ನು ಅವನ ತೊಡೆಯ ಮೇಲೆ ಮಲಗಿಸಿದಳು. “ಮಾತಾಡಿಸ್ತಾ ಇರು, ನಿದ್ದೆ ಹೋಗೋಕೆ ಬಿಡಬೇಡ,” ಎಂದವಳು ಹಾರ್ನಿನ ಮೇಲಿಂದ ಕೈ ತೆಗೆಯದೆ ಓಡಿಸಿದಳು. ಆಸ್ಪತ್ರೆಯ ಬಾಗಿಲಲ್ಲಿ ಕೀಯನ್ನು ಇವನ ಕೈಗೆ ತುರುಕಿ ಸ್ಟ್ರೆಚರಿನ ಜೊತೆ ಒಳಕ್ಕೆ ಓಡಿದಳು. ಅಕ್ಕ ಬಂದಾಗ ಕಂಡದ್ದು ಬೆವರಿನಲ್ಲಿ ತೋಯ್ದು, ಕೈಯಲ್ಲಿ ಕಾರಿನ ಕೀ ಹಿಡಿದು ನಿಂತ ತಮ್ಮ. ಬಂದವಳೇ ಅವನನ್ನು ತಬ್ಬಿಕೊಂಡು ಅತ್ತಳು. “ನೀನಿಲ್ಲದಿದ್ರೆ ಏನ್ ಗತಿಯಾಗ್ತಿತ್ತೋ ಪುಟ್ಟಾ!”

ಅಮ್ಮನಿಗೆ ಆ ದಾರಿ ಒಂದಿಷ್ಟೂ ನೆನಪಿಲ್ಲ. ಹುಷಾರಾದ ಮೇಲೆ ಬಂದವರಿಗೆಲ್ಲ ಅವರು ಹೇಳಿದ್ದು ಒಂದೇ: ನನ್ನ ಮಗ ಗಾಳಿಯ ಹಾಗೆ ಓಡಿಸಿ ನನ್ನನ್ನು ಉಳಿಸಿಕೊಂಡ. ಒಂದು ಸಲ ನರ್ಸಿನ ಕೈ ಹಿಡಿದುಕೊಂಡೇ ಅವಳಿಗೂ ಇದನ್ನು ಹೇಳಿದರು. ಅವಳು “ಹೌದಮ್ಮಾ” ಎಂದಳು.

ಇಬ್ಬರ ನಡುವೆ ಎಲ್ಲ ಮುಗಿದದ್ದೂ ಅಕ್ಕನ ಮನೆಯ ಊಟದಲ್ಲೇ. ಭಾವ ಸುಮ್ಮನಿರಲಾರದೆ, “ಏನಮ್ಮಾ ನರ್ಸಮ್ಮ, ನೀನೂ ಸ್ವಲ್ಪ ಡ್ರೈವಿಂಗ್ ಕಲ್ತ್ಕೋಬಾರ್ದಾ? ಎಲ್ಲದಕ್ಕೂ ನಮ್ಮ ಹುಡುಗನ್ನೇ ಕಾಯ್ತೀಯಲ್ಲ,” ಎಂದರು. ಆಗಲೂ ಇವನು ಸುಮ್ಮನಿದ್ದಿದ್ದರೆ ಆಗುತ್ತಿತ್ತು. ಆದರೆ ಅಂದು ಬಾಯಿ ಬಿಟ್ಟ. “ಅಯ್ಯೋ, ಅವಳಾ? ನಾನು ಸ್ವಲ್ಪ ಜೋರಾಗಿ ಬಿಟ್ರೆ ಸಾಕು, ಪಕ್ಕದಲ್ಲಿ ಕಣ್ಣು ಮುಚ್ಕೊಂಡು ಕೂತ್ಕೋತಾಳೆ!” ಎಲ್ಲರೂ ನಕ್ಕರು. ಅವಳೂ ನಕ್ಕಳು.

ಓಣಿ ದಾಟಿ ಕಾರು ನಿಂತಾಗ ಇವನು ಇಳಿದು ಈ ಕಡೆ ಬಂದು ಬಾಗಿಲು ತೆರೆದ. ಅವಳು ಏಳಲಿಲ್ಲ.

“ಓಡ್ಸು,” ಅಂದಳು.

“ತಮಾಷೆಗೆ ಅಂದಿದ್ದು ಕಣೇ…”

“ನಾನೂ ತಮಾಷೆಗೇ ಹೇಳ್ತಿದೀನಿ. ಓಡ್ಸು. ಇವತ್ತು ಕಣ್ಣು ಮುಚ್ಚಲ್ಲ, ತೆರ್ಕೊಂಡೇ ಕೂತಿರ್ತೀನಿ.”

ಅವನು ಬಾಗಿಲು ಹಿಡಿದು ನಿಂತೇ ಇದ್ದ. ಅವಳು ಮುಂದಿನ ಗಾಜನ್ನೇ ನೋಡುತ್ತಾ ಕೂತೇ ಇದ್ದಳು. ಕೊನೆಗೆ ಅವನು ಬಾಗಿಲನ್ನು ಮೆಲ್ಲಗೆ ಹಾಕಿ, ನಡೆದುಹೋಗಿ ಬಸ್ಸು ಹತ್ತಿದ. ಒಂದು ಮಾತು ಸಾಕಾಗಿತ್ತು. ಆ ಒಂದು ಮಾತಿಗಿಂತ ಬಸ್ಸು ಸುಲಭವಾಗಿ ಕಂಡಿತು. ಮರುದಿನ ಅವಳ ಬಟ್ಟೆಬರೆ ಮನೆಯಲ್ಲಿರಲಿಲ್ಲ.

ಕಾರು ಎಲ್ಲಿ ಎಂದು ಅಕ್ಕ ಕೇಳಿದಾಗ “ಅವಳ ಹತ್ರ ಇದೆ” ಅಂದ. ಅದು ಸುಳ್ಳಲ್ಲ. ಆದರೆ ಆ ಮಾತಿನಿಂದ ಅಕ್ಕ ಒಂದು ಕಥೆಯನ್ನೇ ಕಟ್ಟಿದಳು. ಬಿಟ್ಟು ಹೋದವಳು ತಮ್ಮನ ಕಾರನ್ನೂ ಹೊಡೆದುಕೊಂಡು ಹೋದಳು ಅಂತ. ಆ ಕಥೆ ಅಮ್ಮನ ಕಿವಿಗೆ ಬಿತ್ತು, ಅಕ್ಕಪಕ್ಕದವರ ಬಾಯಿಗೂ ಬಿತ್ತು. ಈಗ ನರ್ಸ್ ಫೋನ್ ಮಾಡಿ, “ಕಾರಿಂದ ನಿನ್ನ ಹೆಸರು ತೆಗೆಸ್ಬೇಕು, ವಾಹನ ಕಚೇರಿಗೆ ಇಬ್ಬರೂ ಬರ್ಬೇಕಂತೆ. ದಯವಿಟ್ಟು ಈ ಸಲ ತಪ್ಪಿಸ್ಕೋಬೇಡ,” ಎಂದಿದ್ದಳು. ಪಾಪ, ಅವಳು ಹಾಗೆ ಕೇಳಿಕೊಳ್ಳುವುದು ಅದೇ ಮೊದಲಲ್ಲ. ಹೆಸರು ಹೋದರೆ ಕಾರು ಯಾಕೆ ಹೋಯಿತೆಂದು ಮನೆಯಲ್ಲಿ ಹೇಳಬೇಕಾಗುತ್ತದೆಂದು ಇವನೇ ಒಂದೊಂದು ನೆಪ ಹೇಳಿ ಮುಂದೂಡಿದ್ದ.

ಷಟರನ್ನು ಮತ್ತೆ ಇಳಿಸಿ ಇಬ್ಬರೂ ಹೊರಟರು. ಬಸ್ಸಿನಲ್ಲಿ ಅಕ್ಕನಿಗೆ ಸೀಟು ಸಿಕ್ಕಿತು, ಅವನು ಅದರ ಹಿಂದೆಯೇ ಕಂಬ ಹಿಡಿದು ನಿಂತ. ಎರಡು ನಿಲ್ದಾಣ ಕಳೆಯುವುದರೊಳಗೆ ಅಕ್ಕ ಪಕ್ಕದಲ್ಲಿದ್ದ ಹೆಂಗಸಿನ ಜೊತೆ ನೆಂಟಸ್ತಿಕೆ ಬೆಳೆಸಿಬಿಟ್ಟಿದ್ದಳು.

“ನಮ್ಮ ತಮ್ಮ ಬಾಯಿಲ್ಲದೋನು ಕಣ್ರೀ. ಹೊಡೆದ್ರೂ ಅಳೋದಿಲ್ಲ. ಅಂಥೋರನ್ನ ಕಂಡ್ರೆ ಎಲ್ರಿಗೂ ಸದರ.”

“ಈಗಿನ ಹುಡುಗೀರು ಬಿಡಿ,” ಎಂದಳು ಆ ಹೆಂಗಸು. “ಕಾರು ಬೇಕು, ಓಡಿಸೋನು ಬೇಡ.”

“ಅವಳಿಗೆ ಓಡಿಸೋಕೂ ಬರಲ್ಲ ಅನ್ನಿ! ಎಲ್ಲ ಇವನೇ. ಈಗ ಯಾರನ್ನ ಇಟ್ಕೊಂಡು ಓಡಿಸ್ತಿದಾಳೋ.”

ಆ ಹೆಂಗಸು ಕತ್ತು ಹೊರಳಿಸಿ ಅವನನ್ನು ಕನಿಕರದಿಂದ ನೋಡಿದಳು. ಕುಶನ್ ಮಾಸ್ತರನ ಕಿವಿಗಳು ಕಾದ ಇಸ್ತ್ರಿಪೆಟ್ಟಿಗೆಯ ಹಾಗೆ ಬಿಸಿಯಾದವು. ಗುರುತಿಲ್ಲದ ಆ ಹೆಂಗಸಿಗೂ ಈಗ ನರ್ಸ್ ಕೆಟ್ಟವಳು. ಅವಳ ಹೆಸರಿಗೆ ಮೆತ್ತುತ್ತಿರುವ ಮಸಿಯನ್ನು ತಾನು ಒರೆಸಬಲ್ಲೆ, ಬಾಯಿ ತೆರೆದರೆ ಸಾಕು. ಅವನು ಕಂಬವನ್ನು ಇನ್ನಷ್ಟು ಬಿಗಿಯಾಗಿ ಹಿಡಿದ. ಮುಂದಿನ ನಿಲ್ದಾಣದಲ್ಲಿ ಹೇಳುತ್ತೇನೆ ಅಂದುಕೊಂಡ. ಅದು ಬಂತು, ಹೋಯಿತು. ಇಳಿದ ಮೇಲೆ ಹೇಳುತ್ತೇನೆ ಅಂದುಕೊಂಡ. ಇಳಿದರು.

ವಾಹನ ಕಚೇರಿಯ ಗೇಟಿನ ಹೊರಗೆ ಕಾರು ಬಂದು ನಿಂತಿತ್ತು. ನರ್ಸ್ ಡ್ರೈವರ್ ಸೀಟಿನಲ್ಲಿ ಕೂತಿದ್ದಳು, ಕೆಲಸದ ಬಿಳಿ ಕೋಟಿನಲ್ಲೇ. ಹಿಂದಿನ ಸೀಟಿನಲ್ಲಿ ಅವಳ ಔಷಧಿ ಪೆಟ್ಟಿಗೆ. ಮೊದಲು ಅವನನ್ನು ನೋಡಿದಳು. ಹಿಂದೆಯೇ ಬರುತ್ತಿದ್ದ ಅಕ್ಕನನ್ನೂ ನೋಡಿದಳು. ನೋಡಿದ ಕೂಡಲೇ, ಯಾರೋ ಗುಂಡಿ ಒತ್ತಿದ ಹಾಗೆ, ಬಾಗಿಲು ತೆರೆದು ಇಳಿದು, ಕಾರಿನ ಮುಂದಿನಿಂದ ಸುತ್ತಿ ಬಂದು, ಪಕ್ಕದ ಸೀಟಿನ ಬಾಗಿಲಿಗೆ ಕೈ ಹಾಕಿದಳು. ಡ್ರೈವರ್ ಬಾಗಿಲು ಅವನಿಗಾಗಿ ತೆರೆದೇ ಇತ್ತು.

ಆಮೇಲೆ ಅವಳಿಗೇ ತಾನು ಏನು ಮಾಡಿದೆ ಎಂದು ಹೊಳೆಯಿತು. ಬಾಗಿಲ ಮೇಲಿನ ಕೈ ಹಾಗೆಯೇ ನಿಂತಿತು. ಅವನನ್ನು ನೋಡಿ ಒಂದು ಥರ ನಕ್ಕಳು, ಹಳೆಯ ಮನೆಯ ದಾರಿಗೆ ಮರೆತು ತಿರುಗಿದವರು ನಗುವಂತೆ.

ಭೂಮಿ ಬಾಯಿ ಬಿಡಬಾರದೆ ಅನ್ನಿಸಿತು ಅವನಿಗೆ. ಬೈದಿದ್ದರೆ ತಡೆದುಕೊಳ್ಳುತ್ತಿದ್ದ. ಇವತ್ತೂ, ಎಲ್ಲ ಮುಗಿದ ಮೇಲೂ, ಅಕ್ಕನ ಮುಂದೆ ಅವನ ಮಾನ ಹೋಗಬಾರದೆಂದು ಅವಳ ಕಾಲು ತಾನಾಗಿಯೇ ಸೀಟು ಬಿಟ್ಟು ಎದ್ದಿತ್ತು.

“ನೋಡಿದ್ಯಾ, ಓಡಿಸೋದಕ್ಕೆ ನೀನೇ ಬೇಕು,” ಎಂದಳು ಅಷ್ಟರಲ್ಲಿ ಹತ್ತಿರ ಬಂದ ಅಕ್ಕ ಅವನಿಗೆ. ನರ್ಸಿನ ಕಡೆ ತಿರುಗಿ, “ಯಾರಮ್ಮಾ ಇಲ್ಲೀ ತನಕ ತಂದುಕೊಟ್ಟಿದ್ದು? ಅವ್ರೆಲ್ಲಿ?” ಎಂದಳು.

ನರ್ಸ್ ಅವನ ಮುಖ ನೋಡಿದಳು. ಅವನು ಕಚೇರಿಯ ಬೋರ್ಡು ಓದುತ್ತಿದ್ದ.

“ಹೋಗಿದಾರೆ ಅಕ್ಕಾ,” ಎಂದಳು ಅವಳು. “ಬನ್ನಿ, ಸಾಲು ಉದ್ದ ಆಗ್ತಿದೆ.”

ಕಿಟಕಿಯಲ್ಲಿದ್ದ ಗುಮಾಸ್ತೆ ಕಾಗದಗಳನ್ನು ತಿರುವಿ ಹಾಕಿ, ಮೊದಲು ಗಾಡಿ ತೋರಿಸಿಕೊಂಡು ಬನ್ನಿ, ಆಮೇಲೆ ಸೈನು ಎಂದಳು. ಕಟ್ಟಡದ ಹಿಂದಿನ ಅಂಗಳದಲ್ಲಿ ಕಾರುಗಳ ಸಾಲು. ಅಕ್ಕ ನಡೆದು ಬರುವಷ್ಟರಲ್ಲಿ ನರ್ಸ್ ಕಾರನ್ನು ತಂದು ಸಾಲಿಗೆ ನಿಲ್ಲಿಸಿ ಇಳಿದಿದ್ದಳು. ಕೊನೆಗೊಂದು ತಗಡಿನ ಶೆಡ್ಡು. ಮೂರು ಕಡೆ ಗೋಡೆ, ಒಂದೇ ಬಾಗಿಲು, ಬಾಗಿಲಿಗೆ ಚಿಕ್ಕ ಏರು. ಅಲ್ಲಿ ಇನ್‌ಸ್ಪೆಕ್ಟರು ಪೆನ್ಸಿಲಿನಿಂದ ಕಾಗದದ ಮೇಲೆ ಉಜ್ಜಿ ಗಾಡಿಯ ಮೈಗೆ ಕೊರೆದ ನಂಬರಿನ ಅಚ್ಚು ತೆಗೆದುಕೊಳ್ಳುತ್ತಿದ್ದರು. ದಪ್ಪ ಮೀಸೆ, ದಣಿದ ದನಿ.

“ಹೆಸರು ಬಿಡೋರು ಯಾರು?”

“ನಾನು,” ಅಂದ ಕುಶನ್ ಮಾಸ್ತರ.

“ನೀವೇ ಗಾಡಿ ತಂದು ಒಳಗೆ ಹಾಕಿ, ಕೀ ನನ್ನ ಕೈಗೆ ಕೊಡಿ. ಆಮೇಲೆ ಮನೆಗೆ ಹೋಗಿ ನನಗೆ ಗೊತ್ತೇ ಇಲ್ಲ, ಮೋಸ ಮಾಡಿ ಬರೆಸ್ಕೊಂಡ್ರು ಅನ್ನೋರು ಜಾಸ್ತಿಯಾಗಿದಾರೆ. ರಿವರ್ಸಲ್ಲಿ ಬರಲಿ. ನಂಬರು ಹಿಂದುಗಡೆ ಇದೆ.”

ರಿವರ್ಸ್. ಅಕ್ಕನ ಓಣಿಯಲ್ಲಿ ಎಂದೂ ಬೇಕಾಗದಿದ್ದ ಆ ಒಂದು ಗೇರು.

ಅಕ್ಕ ಗೋಡೆಯ ಪಕ್ಕದ ಬೆಂಚಿನಲ್ಲಿ ಕೂತು, “ಹೋಗು ಪುಟ್ಟಾ, ಹಾಕು. ಕೊನೇ ಸಲ ಓಡ್ಸ್ಕೋ,” ಎಂದಳು. ನರ್ಸ್ ಕೀಯನ್ನು ಅವನಿಗೆ ಕೊಡುತ್ತಾ ಪಿಸುಗುಟ್ಟಿದಳು, “ನಿಂಗೆ ಕಾಲು ನೋವು ಅಂತ ಹೇಳ್ತೀನಿ ಬೇಕಾದ್ರೆ. ನಾನೇ ಹಾಕ್ತೀನಿ.”

“ಬೇಡ,” ಅಂದ. ಏನು ಬೇಡ ಎಂಬುದು ಅವನಿಗೇ ತಿಳಿದಿರಲಿಲ್ಲ.

ಕೂತ. ಬಲಗಾಲು ನಡುಗಲು ಶುರುವಾಯಿತು. ಕಾರು ಚಾಲೂ ಆಯಿತು. ಗೇರಿನ ಗುಬುಟನ್ನು ಎಳೆದ, ತಳ್ಳಿದ. ಅದು ಕಟಕಟನೆ ಹಲ್ಲು ಕಡಿಯಿತು. ಒಂದು ಸಲ ಕಾರು ಮುಂದಕ್ಕೆ ನೆಗೆದು ನಿಂತುಹೋಯಿತು. ಮತ್ತೆ ಚಾಲೂ ಮಾಡಿದ. ಹಿಂದಕ್ಕೆ ಹೋಗಬೇಕಾದದ್ದು ಏರಿನ ಬುಡ ಮುಟ್ಟಿ, ಉಸಿರುಗಟ್ಟಿದ ಹಾಗೆ ಕೆಮ್ಮಿ, ಇಳಿಜಾರಿನಲ್ಲಿ ಮುಂದಕ್ಕೇ ಜಾರಿತು. ಸಾಲಿನವರು ಹಾರ್ನು ಹೊಡೆದರು. ಯಾರೋ, “ಯಜಮಾನ್ರೇ, ಕಾರು ಬಿಡೋಕೆ ಮನಸ್ಸಿಲ್ವಾ?” ಎಂದು ಕೂಗಿದ. ನಗು ಎದ್ದಿತು.

ಕನ್ನಡಿಯಲ್ಲಿ ಅಕ್ಕ ಕಂಡಳು. ಬೆಂಚಿನಿಂದ ಎದ್ದು ನಿಂತಿದ್ದಳು. ಮುಖದಲ್ಲಿ ಇನ್ನೂ ಸಿಟ್ಟಿರಲಿಲ್ಲ, ಗಾಬರಿ ಮಾತ್ರ ಇತ್ತು. ನನ್ನ ತಮ್ಮನಿಗೆ ಏನಾಯಿತು, ಮೈ ಹುಷಾರಿಲ್ಲವೇ ಎಂಬ ಗಾಬರಿ. ಆ ಗಾಬರಿ ಅವನ ಉಪಯೋಗಕ್ಕೆ ಬರುತ್ತಿತ್ತು. ತಲೆ ಸುತ್ತುತ್ತಿದೆ ಅಂದರೆ ಮುಗಿಯಿತು. ಅಕ್ಕ ನೀರು ತರುತ್ತಾಳೆ, ನರ್ಸ್ ನಾಡಿ ಹಿಡಿದು ಹೌದು ಅನ್ನುತ್ತಾಳೆ. ಅವಳು ಅನ್ನುತ್ತಾಳೆ ಎಂದು ಅವನಿಗೆ ಗೊತ್ತಿತ್ತು. ಅದನ್ನೇ ಅವನಿಗೆ ತಡೆದುಕೊಳ್ಳಲಾಗಲಿಲ್ಲ.

ಇಂಜಿನ್ನು ಆರಿಸಿದ. ಇಳಿದ. ಅಷ್ಟೂ ಕಣ್ಣುಗಳ ಮುಂದೆ ಕಾರನ್ನು ಸುತ್ತಿಕೊಂಡು ನರ್ಸ್ ನಿಂತಲ್ಲಿಗೆ ಬಂದು ಕೀಯನ್ನು ಚಾಚಿದ.

“ನೀನು ಹಾಕು,” ಅಂದ. ಇನ್ನೊಮ್ಮೆ, ಬೆಂಚಿನವರೆಗೂ ಕೇಳುವ ಹಾಗೆ ಅಂದ: “ನನಗೆ ಬರಲ್ಲ. ನೀನು ಹಾಕು.”

ನರ್ಸ್ ಅವನನ್ನು ಬಹಳ ಹೊತ್ತು ನೋಡಲಿಲ್ಲ. ಕೀ ತೆಗೆದುಕೊಂಡು ಹೋಗಿ ಕೂತಳು. ಒಂದು ಕೈ ಸೀಟಿನ ಬೆನ್ನಿಗೆ, ಕತ್ತು ಹಿಂದಕ್ಕೆ. ಕಾರು ಬೆಣ್ಣೆಯಲ್ಲಿ ಜಾರಿದ ಹಾಗೆ ಏರು ಹತ್ತಿ ಶೆಡ್ಡಿನೊಳಗೆ ಹೋಗಿ ನಿಂತಿತು.

“ಇಷ್ಟು ಚೆನ್ನಾಗಿ ಬಿಡೋರು ಇದ್ದಾಗ ನೀವ್ಯಾಕೆ ಸರ್ಕಸ್ ಮಾಡಿದ್ರಿ?” ಎಂದು ಇನ್‌ಸ್ಪೆಕ್ಟರು ಬಗ್ಗಿ ಪೆನ್ಸಿಲು ಉಜ್ಜತೊಡಗಿದರು.

ಅಕ್ಕ ಮೆಲ್ಲಗೆ ಬಂದು ಅವನ ಪಕ್ಕ ನಿಂತಳು. ಶೆಡ್ಡಿನ ಕಡೆಯೇ ನೋಡುತ್ತಿದ್ದಳು.

“ಅವಳಿಗೆ ಬರುತ್ತಾ?”

“ಹೂಂ.”

“ನಿಂಗೆ?”

“ಇಲ್ಲ. ಯಾವತ್ತೂ ಬರ್ತಿರ್ಲಿಲ್ಲ.”

“ನಮ್ಮನೆಗೆ ಬರ್ತಿದ್ಯಲ್ಲೋ, ನೀನೇ…”

“ಔಷಧಿ ಅಂಗಡಿ ತನಕ ಅವಳು. ಅಲ್ಲಿಂದ ನಾನು.”

ಅಕ್ಕ ಇದನ್ನು ಮನಸ್ಸಿನಲ್ಲೇ ಹಿಂದೆ ಮುಂದೆ ಮಾಡಿ ನೋಡಿದಳು. ಬೇಳೆಯಲ್ಲಿ ಕಲ್ಲು ಹುಡುಕುವ ಹಾಗೆ. ಕಲ್ಲು ಸಿಕ್ಕಿದ್ದು ಅವಳ ಮುಖದಲ್ಲೇ ಕಂಡಿತು.

“ಅಮ್ಮ ಬಿದ್ದ ದಿನ?”

ಅವನು ನೆಲ ನೋಡಿದ. ಎಣ್ಣೆ ಸೋರಿ ಕಪ್ಪಾದ ಕಾಂಕ್ರೀಟು. “ಅವಳೇ,” ಅಂದ. “ನಾನು ಹಿಂದೆ ಕೂತಿದ್ದೆ. ಕೀ ಮಾತ್ರ ನನ್ನ ಕೈಲಿತ್ತು.”

ಹೊಡೆಯುತ್ತಾಳೆ ಅಂದುಕೊಂಡ. ಚಿಕ್ಕಂದಿನಲ್ಲಿ ಹೊಡೆಯುತ್ತಿದ್ದಳು, ಆಮೇಲೆ ಅವಳೇ ತಿಂಡಿ ಕೊಟ್ಟು ಸಮಾಧಾನ ಮಾಡುತ್ತಿದ್ದಳು. ಅಕ್ಕ ಹೊಡೆಯಲಿಲ್ಲ. ಅವನ ಪಕ್ಕದಿಂದ ಒಂದು ಹೆಜ್ಜೆ ದೂರ ಸರಿದು ನಿಂತಳು. ಅಷ್ಟೇ. ಆ ಒಂದು ಹೆಜ್ಜೆ ಅವನಿಗೆ ಕಪಾಳದ ಏಟಿಗಿಂತ ಜೋರಾಗಿ ತಗುಲಿತು.

“ಬಸ್ಸಲ್ಲಿ ನಾನು ಅಷ್ಟೆಲ್ಲ ಅಂದೆ,” ಎಂದಳು ಕೊನೆಗೆ. “ನೀನು ಹಿಂದೇನೇ ನಿಂತಿದ್ದೆ.”

“ಹೂಂ.”

“ಕೇಳಿಸ್ತಿತ್ತು.”

“ಹೂಂ ಅಕ್ಕಾ.”

ಗುಮಾಸ್ತೆಯ ಕಿಟಕಿಯಲ್ಲಿ ಅವನು ಸಹಿ ಹಾಕಿದ. ಅವಳು ತೋರಿಸಿದ ಕಡೆಯೆಲ್ಲ ಹಾಕಿದ. ಇಷ್ಟು ದಿನ ಮುಂದೂಡಿದ ಕೆಲಸ ನೀರು ಕುಡಿದಷ್ಟು ಹೊತ್ತಿನಲ್ಲಿ ಮುಗಿದುಹೋಯಿತು. ಇನ್ನು ಮೇಲೆ ಕಾರು ಅವಳೊಬ್ಬಳದು. ನಿಜವಾಗಿ ಎಂದಿನಿಂದಲೂ ಹಾಗೆಯೇ ಇತ್ತು.

ಹೊರಗೆ ಬಂದಾಗ ಅಕ್ಕ ನರ್ಸಿನ ಹತ್ತಿರ ನಿಂತಿದ್ದಳು. ಚೀಲದ ಬಾಯಿ ತೆರೆಯುತ್ತಾಳೆ, ಮುಚ್ಚುತ್ತಾಳೆ. ಜಗಳಕ್ಕೆಂದು ಬೆಳಗಿನಿಂದ ಕೂಡಿಟ್ಟುಕೊಂಡಿದ್ದ ಮಾತುಗಳೆಲ್ಲ ಖರ್ಚಾಗದೆ ಉಳಿದು, ಈಗ ಬೇಕಾದ ಮಾತು ಮಾತ್ರ ಸಿಗುತ್ತಿಲ್ಲ.

“ಊಟ ಆಯ್ತಾ ನಿಮ್ದು?” ಎಂದಳು. ಯಾವಾಗಲೂ ‘ನೀನು’ ಎನ್ನುತ್ತಿದ್ದವಳು.

“ಆಯ್ತು ಅಕ್ಕಾ,” ಎಂದಳು ನರ್ಸ್. ಆಗಿರಲಿಲ್ಲ ಎಂದು ಮೂವರಿಗೂ ಗೊತ್ತಿತ್ತು. “ನಿಮ್ಮನ್ನ ಬಸ್ ಸ್ಟಾಪ್ ತನಕ ಬಿಡ್ಲಾ?”

“ಬೇಡಮ್ಮ. ನಾವು ನಡ್ಕೊಂಡು ಹೋಗ್ತೀವಿ. ನಮಗೆ ನಡೆಯೋದೇ ಸರಿ.”

ನರ್ಸ್ ಕಾರು ಹತ್ತಿದಳು. ಕಿಟಕಿಯ ಗಾಜು ಇಳಿಸಿ ಅವನನ್ನು ಕರೆದಳು.

“ಮೊದಲೇ ಹೇಳ್ಬೋದಿತ್ತು ನೀನು,” ಎಂದಳು. ಕೋಪವಿರಲಿಲ್ಲ ದನಿಯಲ್ಲಿ; ಗಾಯ ತೊಳೆಯುವಾಗ ರೋಗಿಗೆ ಹೇಳುವ ಹಾಗೆ ಸಾವಧಾನವಾಗಿತ್ತು. “ನಾನು ಸೀಟು ಬಿಟ್ಟಿದ್ದಕ್ಕೆ ಬೇಜಾರಿರ್ಲಿಲ್ಲ. ಬಿಟ್ಟುಕೊಟ್ಟಿದ್ದು ನಾನು ಅಂತಾದ್ರೂ ನಿಂಗೆ ಗೊತ್ತಿರುತ್ತೆ ಅಂದ್ಕೊಂಡಿದ್ದೆ.”

ಅವಳಿಗೆ ಇನ್ನೊಂದು ಮನೆಗೆ ಹೋಗಬೇಕಿತ್ತು, ಯಾರೋ ಮುದುಕರ ಕಾಲಿನ ಗಾಯ ಕಾಯುತ್ತಿತ್ತು. ಹೊರಟುಹೋದಳು.

ಬಸ್ಸಿನಲ್ಲಿ ಇಬ್ಬರಿಗೂ ಒಟ್ಟಿಗೆ ಸೀಟು ಸಿಕ್ಕಿತು. ಅಕ್ಕ ಪಕ್ಕದವರ ಯಾರ ಜೊತೆಗೂ ಮಾತಾಡಲಿಲ್ಲ. ಇಳಿಯುವ ಮುಂಚೆ ಮಾತ್ರ, “ಅಮ್ಮಂಗೆ ನಾನು ಹೇಳಲ್ಲ,” ಎಂದಳು.

ಅವನ ಮೈ ಹಗುರಾಗಹೊರಟಿತು.

“ನೀನು ಹೇಳ್ತೀಯ,” ಎಂದು ಮುಗಿಸಿದಳು. “ಇವತ್ತೇ. ನಿನ್ನ ಅಂಗಡಿ ಒಂದು ದಿನ ಮುಚ್ಚಿದ್ರೆ ಲೋಕ ಮುಳುಗಲ್ಲ.”

ಅಕ್ಕನ ಮನೆಯಲ್ಲಿ ಅಮ್ಮ ಅಡುಗೆಮನೆಯ ಬಾಗಿಲಲ್ಲಿ ಕೂತು ಬಟಾಣಿ ಬಿಡಿಸುತ್ತಿದ್ದರು. ಮಗನನ್ನು ಕಂಡು, “ಏನಾಯ್ತೋ? ಕೊಟ್ಟಳಾ ಕಾರನ್ನ?” ಎಂದರು. ಅಕ್ಕ ಒಳಗೆ ಹೋಗಿ ನೀರಿನ ಲೋಟ ಹಿಡಿದು ನಿಂತಳು, ಅಲ್ಲಿಂದ ಕದಲಲಿಲ್ಲ.

ಅವನು ಅಮ್ಮನ ಎದುರು ನೆಲದ ಮೇಲೆ ಕೂತು ಹೇಳಿದ. ಸರಿಯಾಗಿ ಹೇಳಲು ಬರಲಿಲ್ಲ. ಓಣಿಯ ವಿಷಯ ಮೊದಲು ಹೇಳಿದ, ಆಮೇಲೆ ಗೋಡೆಗೆ ಗುದ್ದಿದ್ದು, ಮತ್ತೆ ಓಣಿ. ಅಮ್ಮ ಬಟಾಣಿ ಬಿಡಿಸುತ್ತಲೇ ಕೇಳಿದರು. ನಡುವೆ ಒಮ್ಮೆ, “ಬರದಿದ್ರೆ ಏನಂತೆ, ನಿನ್ನಪ್ಪಂಗೆ ಸೈಕಲ್ಲೂ ಬರ್ತಿರ್ಲಿಲ್ಲ,” ಎಂದು ನಕ್ಕರು ಕೂಡ. ತಾಯಂದಿರಿಗೆ ಮಕ್ಕಳ ಇಂಥ ತಪ್ಪುಗಳು ತಪ್ಪೇ ಅಲ್ಲ. ಆ ನಗು ಅವನಿಗೆ ಅಲ್ಲಿಗೇ ನಿಲ್ಲಿಸಿಬಿಡುವ ಆಸೆ ಹುಟ್ಟಿಸಿತು. ಅಕ್ಕನ ಲೋಟ ಸದ್ದು ಮಾಡಿತು. ಆಸ್ಪತ್ರೆಯ ದಿನದ ಮಾತು ಹೇಳಿದ.

ಅಮ್ಮನ ಬೆರಳು ನಿಂತಿತು.

“ಅವಳಾ?”

“ಹೂಂ ಅಮ್ಮಾ.”

“ನನ್ನ ತಲೆಗೆ ಬಟ್ಟೆ ಕಟ್ಟಿದ್ದೂ?”

“ಅವಳೇ.”

ಅಮ್ಮ ಮೊರವನ್ನು ಪಕ್ಕಕ್ಕೆ ಸರಿಸಿದರು. “ನಾನು ಆ ಹುಡುಗಿ ಕೈ ಹಿಡ್ಕೊಂಡು ಹೇಳಿದ್ನಲ್ಲೋ, ನನ್ನ ಮಗನಿಂದ ನಾನು ಉಳಿದೆ ಅಂತ. ಹೌದಮ್ಮಾ ಅಂದಳು. ನೀನೂ ಅಲ್ಲೇ ಇದ್ದೆ. ನಿನ್ನ ಬಟ್ಟಲಿಗೆ ನಾನೇ ಇನ್ನೊಂದು ಸೌಟು ಬಡಿಸಿದ್ದೆ.” ಅಕ್ಕನ ಕಡೆ ಕೈ ತೋರಿಸಿದರು. “ಆಮೇಲೆ ಇವಳ ಮಾತು ಕೇಳಿ, ಅವಳನ್ನ ಕಳ್ಳಿ ಅಂತಲೂ ಅಂದೆ. ಕೆಳಗಿನ ಮನೆಯವರ ಮುಂದೆ ಅಂದೆ.”

“ತಪ್ಪು ನಂದಮ್ಮಾ.”

“ನಿಂದೇ. ಆದ್ರೆ ಬಾಯಿಬಿಟ್ಟು ಅಂದೋಳು ನಾನು.” ಸೆರಗಿನಿಂದ ಕೈ ಒರೆಸಿಕೊಂಡರು. “ಫೋನ್ ಮಾಡು.”

“ಈಗ ಅವಳು ಕೆಲಸದಲ್ಲಿ…”

“ಮಾಡು ಅಂದ್ನಲ್ಲ.”

ಅವನು ನಂಬರು ಒತ್ತಿ ಫೋನನ್ನು ಅಮ್ಮನ ಕೈಗೆ ಕೊಟ್ಟು, ಬಾಗಿಲ ಕಡೆ ಹೆಜ್ಜೆ ಇಟ್ಟ. ಹೊಸಿಲು ಮುಟ್ಟುವ ಮೊದಲೇ ಅಮ್ಮನ ದನಿ ಹಿಡಿದು ನಿಲ್ಲಿಸಿತು.

“ಎಲ್ಲಿಗೆ ಹೊರಟೆ? ಕೂತ್ಕೋ. ನಾನು ಏನಂತೀನಿ ಅಂತ ನೀನು ಕೇಳಿಸ್ಕೋಬೇಕು.”

ಅವನು ಕೂತ. ಅಮ್ಮನ ಕಿವಿಯ ಹತ್ತಿರ ಫೋನು ರಿಂಗಾಗುವುದು ಅವನಿಗೂ ಕೇಳುತ್ತಿತ್ತು. ಆಮೇಲೆ ಅದು ನಿಂತು, ಆ ಕಡೆಯಿಂದ “ಹಲೋ, ಹೇಳು” ಎಂಬ ದನಿ ಬಂತು. ಅವನೇ ಮಾಡಿದ್ದೆಂದು ತಿಳಿದು ಮಾತಾಡುವ ಅವಳ ದನಿ. ಅಮ್ಮ, “ನಾನಮ್ಮಾ,” ಎಂದು ಶುರುಮಾಡಿದರು.